ಪ್ರತಿಕ್ರಿಯೆ: ಡಿಸ್ಕ್ ಎಡಕ್ಕೇ ತಿರುಗಿ ಬೀಳುವುದರ ಬಗ್ಗೆ

ಡಿಸ್ಕ್ ಗಾಲ್ಫ್‌ನಲ್ಲಿ (ತಟ್ಟೆಯಂಥ ಡಿಸ್ಕನ್ನು ದೂರದ ಬುಟ್ಟಿಗೆ ಎಸೆಯುವ ಆಟ) ಬಲಗೈಯಿಂದ ಬ್ಯಾಕ್‌ಹ್ಯಾಂಡ್, ಅಂದರೆ ತೋಳನ್ನು ಎದೆಗೆ ಅಡ್ಡವಾಗಿ ತಂದು ಎಸೆದಾಗ, 60 ಮೀಟರಿನ ಹೋಲ್‌ನಲ್ಲಿಯೂ (ಎಸೆಯುವ ಜಾಗದಿಂದ ಬುಟ್ಟಿಯವರೆಗಿನ ದಾರಿ) ಡಿಸ್ಕ್ ಅರ್ಧ ದಾರಿಯಲ್ಲೇ ಎಡಕ್ಕೆ ತಿರುಗಿ ಬೀಳುತ್ತದೆ ಎಂದು ಬರೆದಿದ್ದೀರಿ. ಇದಕ್ಕೆ ಕಾರಣ ನಿಮ್ಮ ತೋಳಿಗಿಂತ ಹೆಚ್ಚಾಗಿ ನೀವು ಕೊಂಡಿರುವ ಡ್ರೈವರ್ (ದೂರದ ಎಸೆತಕ್ಕೆ ಬಳಸುವ ಡಿಸ್ಕ್) ಇರಬೇಕು. ಅದು ಹೇಗೆ ಹಾರುತ್ತದೆಂದು ತಿಳಿಸುವ, ಅದರ ಮೇಲಿನ ನಾಲ್ಕು ಅಂಕಿಗಳನ್ನು ನೀವು ತಿಳಿಸಿಲ್ಲವಾದ್ದರಿಂದ ಇದು ಊಹೆಯಷ್ಟೇ. ಮೊದಲ ಅಂಕಿ ವೇಗವನ್ನು ಸೂಚಿಸುತ್ತದೆ. ಅದು 9 ಅಥವಾ ಹೆಚ್ಚಿದ್ದರೆ ಸದ್ಯಕ್ಕೆ ಆ ಡಿಸ್ಕನ್ನು ಚೀಲದಲ್ಲೇ ಇಡಿ, ಏಕೆಂದರೆ ಅಗತ್ಯವಾದಷ್ಟು ವೇಗ ಸಿಗದ ಡ್ರೈವರ್ ಬೇಗನೆ ಎಡಕ್ಕೆ ವಾಲುತ್ತದೆ.

ಮೊದಲು ಪಟರ್ (ಹತ್ತಿರದ ಎಸೆತದ ಡಿಸ್ಕ್) ಅಥವಾ ಮಿಡ್‌ರೇಂಜ್ (ಮಧ್ಯಮ ದೂರದ್ದು) ಒಂದನ್ನೇ ಹಿಡಿದು, ಓಡಿಬರದೆ, ನಿಂತಲ್ಲಿಂದಲೇ ಅರ್ಧ ಬಲದಲ್ಲಿ ಎಸೆಯಿರಿ. ಅನಂತರ ಗೆಳೆಯರೊಬ್ಬರನ್ನು ಮುಂದೆ, ಸುರಕ್ಷಿತವಾಗಿ ಒಂದು ಪಕ್ಕಕ್ಕೆ ನಿಲ್ಲಿಸಿ. ಡಿಸ್ಕ್ ಕೈಬಿಟ್ಟ ಕ್ಷಣದಲ್ಲಿ ಅದರ ತಳಭಾಗ ಅವರಿಗೆ ತಟ್ಟೆಯ ಅಡಿಯಂತೆ ಪೂರ್ತಿ ಕಂಡರೆ ಮುಂದಿನ ಅಂಚು ಮೇಲೆದ್ದಿದೆ ಎಂದರ್ಥ; ಅಂಥ ಡಿಸ್ಕ್ ಬೇಗ ವೇಗ ಕಳೆದುಕೊಂಡು ಎಡಕ್ಕೆ ಬೀಳುತ್ತದೆ. ಹಾಗಿದ್ದಲ್ಲಿ ಬೀಗಕ್ಕೆ ಹಾಕಿದ ಕೀಲಿಯನ್ನು ತಿರುಗಿಸುವಂತೆ ಮಣಿಕಟ್ಟನ್ನು ತುಸು ಹೊರಳಿಸಿದರೆ ಅಂಚು ಕೆಳಗಿಳಿಯುತ್ತದೆ. ನನಗಂತೂ ಇದೊಂದೇ ತಿದ್ದುಪಡಿ ಹೆಚ್ಚಿನ ಫಲ ಕೊಟ್ಟಿತು.

ನೀವು ಸಂಜೆ ಗೋವಾದ ಮೀರಾಮಾರ್ ಕಡಲತೀರದ ಮರಳಿನಲ್ಲಿ ಅಭ್ಯಾಸ ಮಾಡುವುದೂ ತೊಂದರೆಯನ್ನು ಹೆಚ್ಚಿಸುತ್ತಿರಬಹುದು: ಆ ಹೊತ್ತಿನಲ್ಲಿ ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ಎಸೆದರೆ, ಅಂಚು ಎತ್ತಿದ ಡಿಸ್ಕ್ ಗಾಳಿಪಟದಂತೆ ಮೇಲೇರಿ ನಿಂತುಬಿಡುತ್ತದೆ. ಒಂದು ವಾರ ಬೆಳಿಗ್ಗೆ, ಜನ ಸೇರುವ ಮೊದಲೇ ಎಸೆದು ನೋಡಿ. ಆಗಲೂ ಎಡಕ್ಕೇ ಬಿದ್ದರೆ ಡಿಸ್ಕಿನ ತೂಕ ಮತ್ತು ಆ ನಾಲ್ಕು ಅಂಕಿಗಳನ್ನು ಇಲ್ಲಿಯೇ ಬರೆಯಿರಿ.