ಬೆಳಕಿಗೆ ಗಾಯ ಮಾಯುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಾನು ಬೈತಖೋಲ ಬಂದರದಲ್ಲಿ ಸಿಗಡಿ ಸುಲಿಯುವವಳು, ಸಕ್ಕರೆ ಕಾಯಿಲೆ ಇದೆ. ಹೋದ ಮಳೆಗಾಲದ ಕೊನೆಗೆ ಸಿಗಡಿ ಮುಳ್ಳು ಚುಚ್ಚಿ ಬೆರಳು ಕೀವಾಯಿತು. ಕೀವು ಪರೀಕ್ಷೆಗೆ ಕೊಟ್ಟರೆ ವರದಿಗೆ ಮೂರು ದಿನ ಎಂದರು. ಬಿ.ಎಸ್ಸಿ. ಓದುವ ಮಗ, ಬ್ಯಾಕ್ಟೀರಿಯಾವನ್ನು ಕೂಡಲೇ ತೋರಿಸಿ ಅಲ್ಲೇ ಕೊಲ್ಲುವ ಹೊಳೆಯುವ ನ್ಯಾನೋ ಕಣ ಬಂದಿವೆ ಅನ್ನುತ್ತಾನೆ. ನಮ್ಮ ಕಡೆ ಎಲ್ಲಿ ಸಿಗುತ್ತದೆ?
– ಓದುಗರೊಬ್ಬರು, ಕಾರವಾರ

ಉತ್ತರ: ಸಿಗುವುದಿಲ್ಲ ಅಕ್ಕಾ. ಮಗ ಹೇಳಿದ್ದು ಸುಳ್ಳಲ್ಲ, ಆದರೆ ಅದು ಪ್ರಯೋಗಾಲಯ ದಾಟಿ ನಮ್ಮ ಡ್ರೆಸ್ಸಿಂಗ್ ರೂಮಿಗೆ ಇನ್ನೂ ಬಂದಿಲ್ಲ.

ಕೀವಿನಲ್ಲಿರುವ ಬ್ಯಾಕ್ಟೀರಿಯಾ ಲ್ಯಾಬಿನ ತಟ್ಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯಲು ಒಂದು ಹಗಲು ರಾತ್ರಿ ಬೇಕು. ಯಾವ ಔಷಧಿಗೆ ಸಾಯುತ್ತದೆಂದು ನೋಡಲು ಇನ್ನೊಂದು. ಈ ಕಾಯುವಿಕೆ ತಪ್ಪಿಸಲೆಂದೇ ವಿಜ್ಞಾನಿಗಳು ಹೊಳೆಯುವ ಕಣಗಳ ಬೆನ್ನು ಹತ್ತಿದ್ದಾರೆ.

ಬೆಳಕಿನಿಂದ ಸೋಂಕು ಹುಡುಕುವುದೇನೂ ಹೊಸತಲ್ಲ. ನನ್ನ ಕ್ಲಿನಿಕ್ಕಿನಲ್ಲಿ ವುಡ್ಸ್ ಲ್ಯಾಂಪ್ ಇದೆ. ಪರದೆ ಎಳೆದು ಕತ್ತಲು ಮಾಡಿ ಅದರ ನೇರಳೆ ಬೆಳಕು ಹಿಡಿದರೆ, ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ತುಂಬಿದ ಗಾಯವೂ ಬಿಚ್ಚಿಟ್ಟ ಬ್ಯಾಂಡೇಜೂ ಹಸಿರಾಗಿ ಹೊಳೆಯುತ್ತವೆ. ಆ ಬಣ್ಣ ಬ್ಯಾಕ್ಟೀರಿಯಾ ತಾನೇ ಮಾಡಿಕೊಂಡದ್ದು. ಹಾಗೆ ಹೊಳೆಯದ ಜಾತಿಗಳಿಗೆ ಹೊರಗಿನಿಂದ ಹೊಳಪು ಅಂಟಿಸುವುದು ನ್ಯಾನೋ ಕಣದ ಕೆಲಸ. ಕಾರ್ಬನ್ ಡಾಟ್ ಎಂಬುದು ಅಂಥದ್ದು. 2004ರಲ್ಲಿ ಅಮೆರಿಕದ ಸಂಶೋಧಕರು ಮಸಿಯಿಂದ ಇಂಗಾಲದ ನಳಿಕೆಗಳನ್ನು ಬೇರ್ಪಡಿಸುತ್ತಿದ್ದಾಗ ಅಕಸ್ಮಾತ್ ಸಿಕ್ಕಿತು. ಗಾತ್ರ 10 ನ್ಯಾನೋಮೀಟರಿಗೂ ಕಡಿಮೆ. ಬ್ಯಾಕ್ಟೀರಿಯಾ ಅದರ ನೂರು ಪಟ್ಟು. ಬ್ಯಾಕ್ಟೀರಿಯಾದ ಮೈಮೇಲೆ ಋಣ ವಿದ್ಯುತ್ತಿರುತ್ತದೆ, ಕಣಕ್ಕೆ ಧನ ವಿದ್ಯುತ್ತು ಕೊಟ್ಟರೆ ಹೋಗಿ ಅಂಟುತ್ತದೆ.

ಇನ್ನು ಕೊಲ್ಲುವುದು. ಕೆಲವು ಕಣಗಳು ತಾವು ಹೀರಿದ ಬೆಳಕಿನ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತವೆ. ಕೆರಳಿದ ಆಮ್ಲಜನಕ ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. ಆಂಟಿಬಯಾಟಿಕ್ಕಿಗೆ ಒಗ್ಗಿಹೋದಷ್ಟು ಸುಲಭವಾಗಿ ಈ ಹೊಡೆತಕ್ಕೆ ಒಗ್ಗಲಾರವು. ನನಗೆ ಆಸೆ ಇರುವುದು ಇಲ್ಲೇ.

ಆದರೆ ನೀಲಿ ಬೆಳಕು ಚರ್ಮದೊಳಗೆ ಒಂದು ಮಿಲಿಮೀಟರ್ ಇಳಿಯುವುದೂ ಕಷ್ಟ, ಮುಳ್ಳು ಚುಚ್ಚಿದ ಕೀವು ಅದಕ್ಕಿಂತ ಆಳದಲ್ಲಿರುತ್ತದೆ. ಆಳಕ್ಕಿಳಿಯುವ ಅತಿಗೆಂಪು ಬೆಳಕಿಗೆ ಹೊಳೆಯುವ ಕಣಗಳೂ ಇವೆ, ಹೊಳಪು ಮಂದ. ಕ್ವಾಂಟಮ್ ಡಾಟ್ ಎಂಬ ಇನ್ನೊಂದು ಬಗೆಯ ಹೊಳೆಯುವ ನ್ಯಾನೋ ಕಣಗಳಿಗೆ 2023ರ ನೊಬೆಲ್ ಬಂದಿರಬಹುದು. ಆದರೆ ಅವುಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಇರುವಂಥದ್ದನ್ನು ತೆರೆದ ಗಾಯಕ್ಕೆ ಹಾಕಲು ನಾನಂತೂ ಒಪ್ಪೆ. ಮಗ ಆನ್‌ಲೈನಿನಲ್ಲಿ ನೇರಳೆ ಟಾರ್ಚ್ ತರಿಸಿದರೆ ಖೋಟಾ ನೋಟು ನೋಡಲಿಕ್ಕೆ ಇಟ್ಟುಕೊಳ್ಳಲಿ, ನಿಮ್ಮ ಬೆರಳಿಗೆ ಬೇಡ.

ಮತ್ತೆ ಚುಚ್ಚಿದರೆ ಸೋಪು ಹಾಕಿ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೀವಿನ ಚೀಟಿಯಲ್ಲಿ ‘ಸಿಗಡಿ ಮುಳ್ಳು’ ಎಂದು ಬರೆಸಿ. ಕಡಲ ನೀರಿನ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾವನ್ನು ಹುಡುಕಲು ಬೇರೆ ತಟ್ಟೆಯೇ ಇದೆ, ಹೇಳದಿದ್ದರೆ ಲ್ಯಾಬಿನವರಿಗೆ ತಿಳಿಯುವುದಿಲ್ಲ. ವರದಿ ಬರುವ ಮುಂಚೆಯೇ ಔಷಧಿ ಶುರುವಾಗಲಿ. ಜ್ವರ ಬಂದರೆ, ಕಪ್ಪು ಗುಳ್ಳೆ ಎದ್ದರೆ, ಬಾವು ಮೊಣಕೈಯತ್ತ ಏರಿದರೆ ಬೆಳಗಾಗಲಿ ಎಂದು ಕೂರಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.