ಮೊದಲ ಮನೆ: ಅಡ್ವಾನ್ಸ್ ಕೊಡುವ ಮುನ್ನ

ಪ್ರಶ್ನೆ: ಯಲಹಂಕದ ಹತ್ತಿರ 30x40 ಸೈಟಿನ ಹಳೇ ಮನೆ ಒಪ್ಪಿಗೆಯಾಗಿದೆ. ಮಾಲೀಕರು 15 ವರ್ಷದ ಇಸಿ (ಋಣಭಾರ ಪತ್ರ) ತೋರಿಸಿ, ‘ಎಲ್ಲ ಕ್ಲಿಯರ್ ಇದೆ, ಈ ವಾರವೇ ಅಡ್ವಾನ್ಸ್ ಕೊಡಿ’ ಎನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ: ಈ ವಾರ ಬೇಡ. ಇಸಿಯಲ್ಲಿ ಬರುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ. ಛಾಪಾ ಕಾಗದದಲ್ಲಿ ಬರೆದು ನೋಂದಣಿ ಮಾಡಿಸದೆ ಬಿಟ್ಟ ಕರಾರು, ಬೀರುವಿನಲ್ಲಿರುವ ವಿಲ್, ಅಣ್ಣತಮ್ಮಂದಿರ ಪಾಲಿನ ದಾವೆ ಇಂಥವು ಅದರಲ್ಲಿ ಕಾಣಿಸದೆ ಇರಬಹುದು.

15 ವರ್ಷದ್ದೂ ಸಾಲದು, 30 ವರ್ಷದ್ದು ತೆಗೆಸಿ. 2004ರ ಏಪ್ರಿಲ್ 1ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಇಸಿ ಹುಡುಕುವುದು ನೀವು ಬರೆದುಕೊಟ್ಟ ಆಸ್ತಿ ವಿವರ ಹಿಡಿದು. ಇವತ್ತಿನ ಸೈಟ್ ನಂಬರು ಹಿಂದೆ ಸರ್ವೆ ನಂಬರಿನ ಹೊಲವಾಗಿರುತ್ತದೆ. ಬರೀ ಸೈಟ್ ನಂಬರ್ ಕೊಟ್ಟರೆ ಹೊಲದ ಕಾಲದ ಅಡಮಾನವಾಗಲಿ ಮಾರಾಟವಾಗಲಿ ಬರುವುದಿಲ್ಲ; ‘ಯಾವ ವ್ಯವಹಾರವೂ ಇಲ್ಲ’ ಎನ್ನುವ ನಮೂನೆ 16 ಕೈಗೆ ಬರುತ್ತದೆ, ನೀವು ನೆಮ್ಮದಿಯಾಗಿಬಿಡುತ್ತೀರಿ. ಆಯಾ ಕಾಲದಲ್ಲಿ ಜಾಗಕ್ಕೆ ಯಾವ ನಂಬರಿತ್ತೋ ಅದರ ಮೇಲೆ ಬೇರೆ ಬೇರೆ ಇಸಿ ತೆಗೆಸಿ, ಪ್ರತಿ ಕ್ರಯಪತ್ರದ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಅಳತೆ ಅದಕ್ಕೆ ತಾಳೆಯಾಗುತ್ತದೆಯೇ ನೋಡಿ.

ಆಮೇಲೆ ಮೂಲಪತ್ರ. ಅಸಲನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಜೆರಾಕ್ಸ್ ಮಾತ್ರ ತೋರಿಸಿದರೆ ಅಸಲು ಎಲ್ಲೋ ಸಾಲಕ್ಕೆ ಒತ್ತೆ ಬಿದ್ದಿರುವ ಸಾಧ್ಯತೆ ಇದೆ. ಆಸ್ತಿ ಪಿತ್ರಾರ್ಜಿತವಾದರೆ ವಂಶವೃಕ್ಷ ತರಿಸಿ. ‘ಮದುವೆಯಾಗಿ ಹೋದವರು, ಅವರ ಸಹಿ ಯಾಕೆ’ ಎನ್ನುವ ಮಾತಿಗೆ ಒಪ್ಪಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಮಗಳೂ ಮಗನಷ್ಟೇ ಹಕ್ಕುದಾರಳು. ಪಾಲುದಾರರಲ್ಲಿ ಅಪ್ರಾಪ್ತರಿದ್ದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ, ಕೋರ್ಟಿನ ಅನುಮತಿ ಬೇಕಾಗಬಹುದು. ಮೂಲ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನೂ ನೋಡಿಸಿ. ಇಂಥ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆಯಡಿ ಅನುಮತಿಯಿಲ್ಲದ ಮಾರಾಟ ಎಷ್ಟು ಕೈ ಬದಲಾದರೂ ಅಸಿಂಧು ಎನಿಸಿಕೊಳ್ಳಬಹುದು. ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ‘ಕೊಂಡವರಿಂದ’ ಕೊಳ್ಳುವ ಮಾತೇ ಬೇಡ. ಜಿಪಿಎ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಪ್ರಶ್ನೆ: ಕೈಯಲ್ಲಿ 12 ಲಕ್ಷ ರೂಪಾಯಿ ಇದೆ. 60 ಲಕ್ಷದ ಫ್ಲ್ಯಾಟಿಗೆ ಬ್ಯಾಂಕ್ ಶೇ 80ರಷ್ಟು ಸಾಲ ಕೊಡುತ್ತದಂತೆ. ಲೆಕ್ಕ ಸರಿಹೋಯಿತಲ್ಲವೇ?

ಉತ್ತರ: ಇಲ್ಲ. 48 ಲಕ್ಷ ಬ್ಯಾಂಕಿನದು, 12 ಲಕ್ಷ ನಿಮ್ಮದು, ಅಲ್ಲಿಗೆ ಫ್ಲ್ಯಾಟಿನ ಬೆಲೆಯಷ್ಟೇ ಮುಗಿಯಿತು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. ಒಟ್ಟು 7.6, ಎಂದರೆ 4.56 ಲಕ್ಷ. ಇದಕ್ಕೆ ಗೃಹಸಾಲ ನೆಚ್ಚಿಕೊಳ್ಳಬೇಡಿ, ಕೈಯಿಂದಲೇ ಹಾಕಬೇಕು. ಕಟ್ಟುತ್ತಿರುವ ಫ್ಲ್ಯಾಟಾದರೆ ಇನ್ನೂ ಶೇ 5 ಜಿಎಸ್‌ಟಿ, 3 ಲಕ್ಷ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಮಾರಾಟವಾಗುವ ಮನೆಗೆ ಜಿಎಸ್‌ಟಿ ಇಲ್ಲ. ಬೆಲೆ 50 ಲಕ್ಷ ಮುಟ್ಟಿದ್ದರಿಂದ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದೇ. ಮಾರುವವರಿಗೆ ಕೊಡುವ ಹಣದಲ್ಲೇ 60 ಸಾವಿರ ಮುರಿದುಕೊಳ್ಳಿ. ಮಾರುವವರು ಅನಿವಾಸಿ ಭಾರತೀಯರಾದರೆ ಶೇ 1ರ ಲೆಕ್ಕ ನಡೆಯುವುದಿಲ್ಲ, ದರ ಬಹಳ ಹೆಚ್ಚು. ಆಡಿಟರ್ ಬಳಿ ಹೋಗಿ. ನಿರ್ವಹಣಾ ಠೇವಣಿ, ಮರಗೆಲಸ ಇವೆಲ್ಲ ಬೇರೆ.

ಬೆಲೆಯ ಶೇ 20 ಮತ್ತು ಶುಲ್ಕದ ಶೇ 7.6 ಕೈಯಿಂದ ಹಾಕಬೇಕಾದ್ದರಿಂದ 12 ಲಕ್ಷಕ್ಕೆ ಹೊಂದುವುದು 43 ಲಕ್ಷದ ಆಸುಪಾಸಿನ ಸಿದ್ಧ ಮನೆ, ಅದೂ ಕೈ ಪೂರ್ತಿ ಬರಿದಾಗಿ. 48 ಲಕ್ಷದ ಸಾಲಕ್ಕೆ ಶೇ 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 41,650 ರೂಪಾಯಿ. 15 ವರ್ಷಕ್ಕೆ 47,270. ತಿಂಗಳಿಗೆ 5,600 ಹೆಚ್ಚು ಕಟ್ಟಿದರೆ ಕೊನೆಗೆ 15 ಲಕ್ಷದಷ್ಟು ಬಡ್ಡಿ ಉಳಿಯುತ್ತದೆ.

ಪ್ರಶ್ನೆ: ಬಿ ಖಾತಾ ಮನೆ ಅಗ್ಗಕ್ಕೆ ಸಿಗುತ್ತಿದೆ. ಇ-ಖಾತಾ ಕೂಡ ಇದೆಯಂತೆ.

ಉತ್ತರ: ಕ್ರಮಬದ್ಧ ಆಸ್ತಿಯದು ಎ ಖಾತಾ, ಮಂಜೂರಾತಿಯಲ್ಲಿ ಕೊರತೆಯಿರುವುದರದು ಬಿ ಖಾತಾ; ಇ-ಖಾತಾ ಎಂದರೆ ಖಾತಾದ ಡಿಜಿಟಲ್ ರೂಪ ಅಷ್ಟೇ. ಅದು ಇದ್ದ ಮಾತ್ರಕ್ಕೆ ಎ ಖಾತಾ ಆಗುವುದಿಲ್ಲ, ಬಿ ಆಸ್ತಿಗೂ ಇ-ಖಾತಾ ಸಿಗುತ್ತದೆ. ಖಾತಾ ತೆರಿಗೆಯ ದಾಖಲೆ, ಹಕ್ಕುಪತ್ರವಲ್ಲ. ಬಹಳಷ್ಟು ಬ್ಯಾಂಕುಗಳು ಬಿ ಖಾತಾಕ್ಕೆ ಸಾಲ ಕೊಡುವುದಿಲ್ಲ, ನಾಳೆ ನೀವು ಮಾರುವಾಗಲೂ ಕೊಳ್ಳುವವರಿಗೆ ಅದೇ ತೊಡಕು. ‘ಎ ಮಾಡಿಸಿಕೊಡುತ್ತೇವೆ’ ಎಂದರೆ, ಮಾಡಿಸಿದ ಮೇಲೆ ಕರಾರು ಮಾಡೋಣ ಎನ್ನಿ.

ಪ್ರಶ್ನೆ: ಬಿಲ್ಡರ್ ಬುಕಿಂಗ್‌ಗೆ ಶೇ 20 ಕೇಳುತ್ತಿದ್ದಾರೆ.

ಉತ್ತರ: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಮಾರಾಟದ ಕರಾರು ನೋಂದಣಿಯಾಗುವ ಮುಂಚೆ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ, ಮುಗಿಸುವ ದಿನಾಂಕ ಮತ್ತು ಮಂಜೂರಾದ ನಕ್ಷೆ ನೋಡಿ. ದರ ಮಾತಾಡುವಾಗ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಕೆಗೆ ಸಿಗುವ ಜಾಗ) ಕೇಳಿ, ಮೆಟ್ಟಿಲು, ಲಾಬಿಯ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್ ಅಲ್ಲ. ಓಸಿ (ವಾಸಯೋಗ್ಯ ಪ್ರಮಾಣಪತ್ರ) ಬರುವ ಮುಂಚೆ ಕೀ ಕೊಡುತ್ತೇವೆಂದರೆ ತೆಗೆದುಕೊಳ್ಳಬೇಡಿ. ಓಸಿ ಇಲ್ಲದ ಕಟ್ಟಡಕ್ಕೆ ಕಾಯಂ ನೀರು, ಕರೆಂಟಿನ ಸಂಪರ್ಕ ಸಿಗುವುದು ಕಷ್ಟ.