ಬೀರುವಿನ ಹಿಂದಿನ ಬೂಷ್ಟು: ನಿಮ್ಮ ಪ್ರಶ್ನೆಗೆ

ತೀರ್ಥಹಳ್ಳಿ ಕಡೆ ಮನೆ, ಮರದ ಬೀರುವಿನ ಹಿಂದೆ ಎಷ್ಟು ಒರೆಸಿದರೂ ವಾರದಲ್ಲೇ ಮತ್ತೆ ಬೂಷ್ಟು ಬರುತ್ತದೆ ಅಂತ ಕೇಳಿದ್ದೀರಿ. ಮೊದಲು ಬೀರುವನ್ನು ಗೋಡೆಯಿಂದ ನಾಲ್ಕು ಬೆರಳಾದರೂ ಈಚೆ ಎಳೆಯಿರಿ. ಗಾಳಿ ಆಡದಿದ್ದರೆ ಒರೆಸಿದ್ದೆಲ್ಲ ಸುಮ್ನೆ.

ಪೊರಕೆಯಿಂದ ಮಾತ್ರ ಕೊಡವಬೇಡಿ. ಆ ಬೂದುಬಣ್ಣದ ಪುಡಿಯಲ್ಲೇ ಅದರ ಬೀಜ ಇರುತ್ತದೆ, ಮನೆಯೆಲ್ಲ ಹರಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸೋಪಿನ ಪುಡಿ ಹಾಕಿದ ಬಿಸಿನೀರಲ್ಲಿ ಹಳೆ ಪಂಚೆ ತುಂಡು ಅದ್ದಿ, ಒಂದು ಹನಿಯೂ ಇಳಿಯದ ಹಾಗೆ ಹಿಂಡಿ, ಒರೆಸಿ. ಆಮೇಲೆ ಒಣ ಬಟ್ಟೆ. ಕೊನೆಗೆ ಟೇಬಲ್ ಫ್ಯಾನ್ ಅತ್ತ ತಿರುಗಿಸಿಡಿ. ಮರ ಪೂರ್ತಿ ಒಣಗುವುದೇ ಮುಖ್ಯ.

ಬ್ಲೀಚಿಂಗ್ ಪುಡಿ ಮರಕ್ಕೆ ಬೇಡ. ಬಚ್ಚಲಿಗೆ ಬಳಸಿದರೂ ಆಸಿಡ್ ಜೊತೆ ಸೇರಿಸಲೇಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಜೀವಕ್ಕೇ ಅಪಾಯ.

ಒಗೆದ ಬಟ್ಟೆ ಅದೇ ಕೋಣೆಯಲ್ಲಿ ಹರವುತ್ತೀರಾ? ನಮ್ಮ ಮಲೆನಾಡಲ್ಲಿ ತೇವ ಜಾಸ್ತಿಯಾಗಲು ಅದೂ ಒಂದು ಕಾರಣ. ಬಚ್ಚಲೊಲೆ ಇದ್ದರೆ ಅಲ್ಲೇ ಹರವಿ, ಬೆಂಕಿಯಿಂದ ಸ್ವಲ್ಪ ದೂರ. ಹಂಚು ಸೋರುತ್ತಿದ್ದರೆ ಅದನ್ನು ಈಗಲೇ ಸರಿ ಮಾಡಿಸಿ. ಮಳೆ ಬಿಟ್ಟು ಗೋಡೆ ಒಣಗಿದ ಮೇಲೆ ಸುಣ್ಣ ಹೊಡೆಸಿ. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ.